ಕುರಿ ಕರೆಯುವ ಕೂಗು

"ನಿಮ್ಮ ಮುತ್ತಜ್ಜ ಈ ಮನೇಲಿ ಹುಟ್ಟೇ ಇಲ್ಲ, ಬಂದ ದಾರಿ ಹಿಡೀರಿ," ಎಂದು ಕುರಿ ಕಾಯುವವನು ತೆರೆದ ಗೇಟಿಗೆ ಕೋಲು ಅಡ್ಡ ಹಿಡಿದ.

"ಅವನು ಬೆಳೆದ ಜಾಗ ನೋಡಿ ಹೋಗ್ತೀನಿ ಅಷ್ಟೇ, ಅಣ್ಣ," ಎಂದಳು ಪೇಟೆಯಿಂದ ಬಂದ ನರ್ಸ್.

"ಯಾರ್ರೀ ಅಣ್ಣ? ನಮ್ಮೋರು ಒದ್ದು ಓಡಿಸಿದ ಕಳ್ಳ ಅವನು!"

"ಹುಟ್ಟೇ ಇಲ್ಲದೋನ್ನ ಹೇಗ್ರೀ ಓಡಿಸಿದ್ರಿ?"

ಅವನು ಅವಳ ಕಾಲ ಬಳಿ ಉಗಿದ. ನರ್ಸಿಗೆ ಮೈಯೆಲ್ಲ ಉರಿದುಹೋಯಿತು. ಪೇಟೆಯಲ್ಲಿ ಮೂಟೆ ಹೊತ್ತು ಸತ್ತ ಮುತ್ತಜ್ಜ ಮನೆಯವರಿಗೆ ಬಿಟ್ಟುಹೋದದ್ದು ಒಂದು ಕೂಗು ಮಾತ್ರ. ಬೀದಿಯಲ್ಲಿ ಆಡುವ ಮಕ್ಕಳನ್ನು ಅವಳಪ್ಪ ಊಟಕ್ಕೆ ಕರೆಯುತ್ತಿದ್ದದ್ದು ಅದೇ ಕೂಗಿನಲ್ಲಿ. ಅವಳು ಬಾಯಿಗೆ ಕೈ ಅಡ್ಡ ಹಿಡಿದು ಕೂಗಿಯೇಬಿಟ್ಟಳು: "ತುರ್ರ್ರ್... ಹೋಓಓಯ್!"

ಮೇಯುತ್ತಿದ್ದ ಕುರಿಗಳೆಲ್ಲ ತಲೆಯೆತ್ತಿದವು. ಮರುಕ್ಷಣವೇ ಒಡೆಯನನ್ನು ತಳ್ಳಿಕೊಂಡು ಗೇಟು ದಾಟಿ ಅವಳನ್ನು ಮುತ್ತಿಕೊಂಡವು. ಅವಳು ಬೆನ್ನು ತಿರುಗಿಸಿ ರಸ್ತೆಯ ಕಡೆ ನಡೆದಳು. ಅವೂ ಹಿಂದೆಯೇ ಹೊರಟವು. ಅವನು ಕೋಲು ಬೀಸಿದ, ಶಿಳ್ಳೆ ಹಾಕಿದ, ಅವುಗಳ ಜನ್ಮ ಜಾಲಾಡಿದ. ಒಂದೂ ತಿರುಗಿ ನೋಡಲಿಲ್ಲ. ತಿರುವಿನಾಚೆ ಲಾರಿಯ ಹಾರ್ನ್ ಕೇಳಿಸಿತು.

"ನಿಮ್ಮ ಕುರಿ ತಾನೇ? ಕರೀರಿ," ಎಂದಳು ಅವಳು.

ಅವನು ಹಲ್ಲು ಕಡಿದ. ಅವಳನ್ನು ಸುಡುವಂತೆ ನೋಡುತ್ತಲೇ ಬಾಯಿಗೆ ಕೈ ಅಡ್ಡ ಹಿಡಿದ. "ತುರ್ರ್ರ್... ಹೋಓಓಯ್!"

ಕೊನೆಯಲ್ಲಿ ಅವನ ದನಿ, ಥೇಟ್ ಅವಳಪ್ಪನ ದನಿಯ ಹಾಗೆಯೇ, ಒಡೆಯಿತು.