ಕವರ್ ಬಿಚ್ಚದ ಟ್ಯಾಬ್‌ಗಳು

ಇಷ್ಟವಾದರೆ ನಾಲ್ಕು ಜನರಿಗೆ ಕಳಿಸಿ... ಆದರೆ ಮೊದಲು ನೀವು ಪೂರ್ತಿ ಓದಿ.

ಗದಗ ಕಡೆಯ ಒಂದು ಊರು. ಅಲ್ಲೊಂದು ಸರ್ಕಾರಿ ಹೈಸ್ಕೂಲು.

ಆ ಶಾಲೆಯಲ್ಲೇ ಓದಿ ದೊಡ್ಡವರಾದ ಒಬ್ಬ ಉದ್ಯಮಿ, ಇಡೀ ಒಂದು ತರಗತಿಗೆ ಸಾಕಾಗುವಷ್ಟು ಟ್ಯಾಬ್ ತಂದುಕೊಟ್ಟರು. ಎಲ್ಲ ಪಠ್ಯಪುಸ್ತಕಗಳೂ ಇ-ಪುಸ್ತಕಗಳಾಗಿ ಅದರೊಳಗೇ ಇದ್ದವು... ಪಾಠದ ವಿಡಿಯೋ ಕೂಡ.

ಶಾಮಿಯಾನ ಹಾಕಿದರು. ಶಾಲು ಹೊದಿಸಿದರು. ಅತಿಥಿಗಳು ನೆರಳಲ್ಲಿ ಕೂತು ಭಾಷಣ ಮಾಡಿದರು, ಮಕ್ಕಳು ಬಿಸಿಲಲ್ಲಿ ಕೂತು ಚಪ್ಪಾಳೆ ತಟ್ಟಿದರು.

ಉದ್ಯಮಿಯ ಕಾರು ಗೇಟು ದಾಟಿತು... ಹೆಡ್ ಮಾಸ್ತರ್ ಕಂಠಿ ಸರ್ ಮಕ್ಕಳ ಕಡೆ ತಿರುಗಿದರು.

“ಫೋಟೋ ಆತಲ್ಲ, ಕೊಡ್ರಿ ಇಲ್ಲೆ. ಹರಕಂಗಿ ಹಾಕ್ಕೊಂಡು ಬರ್ತೀರಿ, ನಿಮಗ್ಯಾಕಲೇ ಟ್ಯಾಬು?”

ಎಲ್ಲವೂ ಪ್ಲಾಸ್ಟಿಕ್ ಕವರ್ ಸಮೇತ ಆಫೀಸಿನ ಕಬ್ಬಿಣದ ಕಪಾಟು ಸೇರಿದವು. ಕೀಲಿ ಕಂಠಿ ಸರ್ ಜೇಬು ಸೇರಿತು.

ಮೇಲಧಿಕಾರಿಗಳು ಬಂದಾಗ ಮಾತ್ರ ಕಪಾಟು ತೆರೆಯುತ್ತಿತ್ತು. “ನೋಡ್ರಿ ಸರ್, ಒಂದ ಗೆರಿ ಸೈತ ಬಿದ್ದಿಲ್ಲ!” ಅವರು ಮೆಚ್ಚಿ ತಲೆದೂಗುತ್ತಿದ್ದರು... ಮತ್ತೆ ಬೀಗ.

ಇದಕ್ಕೆ ಇವರು ಇಟ್ಟ ಹೆಸರು ‘ಡಿಜಿಟಲ್ ಶಿಕ್ಷಣ’!

ಅದೇ ಶಾಲೆಯ ಒಂಬತ್ತನೇ ತರಗತಿಯಲ್ಲಿ ನೀಲಗಂಗಾ ಎಂಬ ಹುಡುಗಿ ಇದ್ದಳು. ಹುಟ್ಟಿದಾಗಿನಿಂದ ದೃಷ್ಟಿ ತೀರಾ ಮಂದ... ಕನ್ನಡಕ ಹಾಕಿದರೂ ಅಷ್ಟಕ್ಕಷ್ಟೇ.

ಪುಸ್ತಕಕ್ಕೆ ಮೂಗು ತಾಗಿಸಿ ಓದುತ್ತಿದ್ದಳು. ಒಂದು ಸಾಲು ಮುಗಿಯುವಷ್ಟರಲ್ಲಿ ಕಣ್ಣಲ್ಲಿ ನೀರು. ಹಿಂದಿನ ಬೆಂಚಿನವರಿಗೆ ಅದೊಂದು ತಮಾಷೆ. ಕಂಠಿ ಸರ್‌ಗೆ ಅವಳು ‘ರಿಸಲ್ಟ್ ಕೆಡಿಸುವ ಕೇಸು’.

ಹೊಸದಾಗಿ ಬಂದಿದ್ದ ವಿಜ್ಞಾನದ ಶಹನಾಜ್ ಟೀಚರ್, ಪಾಠದ ತಯಾರಿಗೆಂದು ಕಾಡಿ ಬೇಡಿ ಒಂದು ಟ್ಯಾಬ್ ಪಡೆದುಕೊಂಡರು.

ಒಂದು ದಿನ ಊಟದ ಬಿಡುವಿನಲ್ಲಿ ನೀಲಗಂಗಾಳನ್ನು ಕರೆದು, ಪುಸ್ತಕ ತೆರೆದು, ಎರಡು ಬೆರಳಿನಿಂದ ಅಕ್ಷರಗಳನ್ನು ದೊಡ್ಡದು ಮಾಡಿದರು... ಇನ್ನೂ ದೊಡ್ಡದು... ಇನ್ನೂ ದೊಡ್ಡದು...

ಹುಡುಗಿ ಪರದೆಯ ಮೇಲಿನ ಒಂದು ಅಕ್ಷರದ ಸುತ್ತ ಬೆರಳಾಡಿಸಿದಳು.

“ಟೀಚರ್... ‘ಕ್ಷ’ ಅಂದ್ರ ಹಿಂಗಿರ್ತೈತೇನ್ರಿ? ನಾ ಇಷ್ಟ ದಿನ ಅಂದಾಜ ಮ್ಯಾಲ ಬರೀತಿದ್ನಿರೀ...”

ಶಹನಾಜ್ ಟೀಚರ್ ಕಿಟಕಿಯ ಕಡೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡರು.

ಅಂದಿನಿಂದ ದಿನವೂ ಓದು. ಬೆನ್ನು ನೆಟ್ಟಗೆ ಮಾಡಿ, ತಲೆ ಎತ್ತಿ ಓದು!

ಕಂಠಿ ಸರ್ ಕಣ್ಣಿಗೆ ಅದು ಬೀಳಲು ತಡವಾಗಲಿಲ್ಲ.

“ಏನ್ರೀ ಟೀಚರ್, ಕಣ್ಣ ಕಾಣದಾಕಿ ಕೈಯಾಗ ಟ್ಯಾಬ್ ಕೊಟ್ಟೀರಿ! ಬಿದ್ದು ಒಡದ್ರ ಇವರವ್ವ ತಂದುಕೊಡ್ತಾಳೇನು?”

ಟ್ಯಾಬ್ ಕಿತ್ತುಕೊಂಡು ಕಪಾಟಿಗೆ ಹಾಕಿದರು. ಅಷ್ಟಕ್ಕೇ ಬಿಡಲಿಲ್ಲ... ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದ ತಾಯಿ ಫಕೀರವ್ವನಿಗೆ ಹೇಳಿ ಕಳಿಸಿದರು, “ಬಂದು ಟಿ.ಸಿ. ಒಯ್ಯಿ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಐತಿ. ಈಕಿಗೆ ಕಣ್ಣ ಕಾಣಂಗಿಲ್ಲ, ಈಕಿ ಕೈಲಿ ಆಗೂದಿಲ್ಲ.”

ಫಕೀರವ್ವ ಬಂದ ದಿನವೇ ಇನ್ನೊಂದು ಫೋನ್ ಬಂತು. ಅದೇ ಉದ್ಯಮಿ! “ಈ ಕಡಿ ಬಂದೀನ್ರಿ. ಮಕ್ಕಳು ಟ್ಯಾಬ್‌ನ್ಯಾಗ ಹೆಂಗ ಓದ್ತಾರ, ಒಂಚೂರು ನೋಡಿ ಹೋಗ್ತೀನಿ.”

ಕಂಠಿ ಸರ್ ಓಡಾಟ ನೋಡಬೇಕಿತ್ತು! ಕವರ್ ಹರಿದರು, ಧೂಳು ಒರೆಸಿದರು, ಒಂಬತ್ತನೇ ತರಗತಿಯಲ್ಲಿ ಹಂಚಿದರು. ತಾಯಿ ಮಗಳಿಗೆ, “ನೀವು ಹೊರಗ ನಿಂದರ್ರಿ, ಸಾಹೇಬ್ರ ಕಣ್ಣಿಗೆ ಬೀಳಬ್ಯಾಡ್ರಿ” ಎಂದರು.

ಉದ್ಯಮಿ ಬಂದರು. “ಹ್ಞಾಂ, ಶುರು ಮಾಡ್ರಿ” ಎಂದರು.

ಮಕ್ಕಳು ಬಟನ್ ಒತ್ತಿದರು... ಒತ್ತಿದರು... ಒತ್ತುತ್ತಲೇ ಇದ್ದರು.

ಒಂದೂ ಹೊತ್ತಲಿಲ್ಲ. ಬಳಸದೇ ಇಟ್ಟು ಬ್ಯಾಟರಿಗಳು ಸತ್ತಿದ್ದವು. ಕೆಲವು ಊದಿಕೊಂಡೂ ಇದ್ದವು.

“ನಮ್ಮೂರಾಗ ಕರೆಂಟಿಂದ ಭಾಳ ತ್ರಾಸ್ ಐತ್ರಿ ಸರ್...” ಎಂದರು ಕಂಠಿ ಸರ್. ಅವರ ತಲೆಯ ಮೇಲೆ ಫ್ಯಾನ್ ಗರಗರ ತಿರುಗುತ್ತಿತ್ತು.

ಆಗ ಶಹನಾಜ್ ಟೀಚರ್, ಹಂಚಿದ ಮೇಲೆ ಮೇಜಿನ ಮೇಲೆ ಉಳಿದಿದ್ದ ಒಂದು ಟ್ಯಾಬ್ ಎತ್ತಿಕೊಂಡರು. ಕಂಠಿ ಸರ್ ಕಿತ್ತುಕೊಳ್ಳುವವರೆಗೂ ತಾವೇ ಬಳಸಿ, ಚಾರ್ಜ್ ಮಾಡುತ್ತಿದ್ದ ಟ್ಯಾಬ್. ಅದು ಬೆಳಗಿತು. ಹೊರಗೆ ನಿಂತಿದ್ದ ನೀಲಗಂಗಾಳನ್ನು ಕೈಹಿಡಿದು ಕರೆತಂದು, “ಓದವ್ವಾ” ಎಂದರು.

ಹುಡುಗಿ ಜೀವಕೋಶದ ಪಾಠ ಓದತೊಡಗಿದಳು. ಎಲ್ಲೂ ನಿಲ್ಲಲಿಲ್ಲ, ತಡವರಿಸಲಿಲ್ಲ.

ಹಿಂದಿನ ಬೆಂಚಿನವರೂ ಮುಂದಕ್ಕೆ ಬಾಗಿ ಕೇಳಿದರು.

ಬಾಗಿಲಲ್ಲಿ ನಿಂತಿದ್ದ ಫಕೀರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಮಗಳು ಹೀಗೆ ಓದಿದ್ದನ್ನು ಅವಳು ಕೇಳಿದ್ದು ಅದೇ ಮೊದಲು.

ಪಾಠ ಮುಗಿಯಿತು. ಫಕೀರವ್ವ ಸೀದಾ ಒಳಗೆ ಬಂದು ಕಂಠಿ ಸರ್ ಮುಂದೆ ನಿಂತಳು.

“ಸಾಹೇಬ್ರ, ನನ್ನ ಮಗಳಿಗೆ ಕಾಣಂಗಿಲ್ಲ ಅಂದ್ರಿ. ಮತ್ತ ಇಷ್ಟ ದಿನ ಈ ಪುಸ್ತಕಾನೆಲ್ಲಾ ನಿಮ್ಮ ಕಪಾಟ ಓದತಿತ್ತೇನ್ರಿ?”

ಫಕೀರವ್ವ ಮಗಳ ಕೈ ಹಿಡಿದುಕೊಂಡಳು.

“ಟಿ.ಸಿ. ಬ್ಯಾಡ್ರಿ ನಮಗ. ನನ್ನ ಮಗಳು ಇಲ್ಲೇ ಓದ್ತಾಳ.”

ಮೊಬೈಲ್ ಎತ್ತಿ ಫೋಟೋ ತೆಗೆಯುತ್ತಿದ್ದ ತಮ್ಮ ಕಡೆಯವನನ್ನು ಉದ್ಯಮಿ ತಡೆದರು. “ಬ್ಯಾಡೋ, ಸಾಕು. ಅವತ್ತ ಫೋಟೋ ತೆಗಸ್ಕೊಂಡು ಹೋದಾಂವ ತಿರುಗಿ ನೋಡಲಿಲ್ಲ ನಾನು. ಇದರಾಗ ನನ್ನ ತಪ್ಪೂ ಐತಿ...”

ಹೊಸ ಬ್ಯಾಟರಿ ಬಂದವು. ಕೀಲಿ ಶಹನಾಜ್ ಟೀಚರ್ ಕೈಗೆ ಬಂತು. ನೀಲಗಂಗಾಳ ಟ್ಯಾಬ್ ಅವಳ ಜೊತೆ ಮನೆಗೂ ಹೋಯಿತು. “ಒಡದ್ರ ಒಡೀಲಿ, ಓದಿ ಒಡೀಲಿ” ಎಂದರು ಉದ್ಯಮಿ.

ಆ ವರ್ಷದ ಸ್ವಾತಂತ್ರ್ಯ ದಿನದಂದು ಕಂಠಿ ಸರ್ ಭಾಷಣ ಮಾಡಿದರು... ‘ನನ್ನ ಕನಸಿನ ಡಿಜಿಟಲ್ ಶಾಲೆ’ ಅಂತ! ಟ್ಯಾಬ್ ಯಾರಾದರೂ ದಾನ ಕೊಡಬಹುದು, ನಾಚಿಕೆಯನ್ನು ಯಾರು ಕೊಡುತ್ತಾರೆ?

ಮರುವರ್ಷ ನೀಲಗಂಗಾ ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸಿನಲ್ಲಿ ಪಾಸಾದಳು.

ಫಲಿತಾಂಶ ಬಂದ ಸಂಜೆ ಫಕೀರವ್ವ ಕೈಗೆ ಮೆತ್ತಿದ್ದ ಹಿಟ್ಟು ತೊಳೆದುಕೊಂಡು ಬಂದು, ಟ್ಯಾಬ್ ಹಿಡಿದಿದ್ದ ಮಗಳ ಪಕ್ಕ ಕೂತಳು. ಎಂದೂ ಅಕ್ಷರ ಕಲಿಯದವಳು ಮೆಲ್ಲಗೆ ಕೇಳಿದಳು...

“ನೀಲಾ... ಅದರಾಗ ನನ್ನ ಹೆಸರಿನ ಅಕ್ಷರ ಅದಾವೇನ? ದೊಡ್ಡೂ ಮಾಡಿ ತೋರಸ ನೋಡೂಣು.”

*

ಹಾಳಾಗಬಾರದೆಂದು ಬೀಗ ಹಾಕಿಟ್ಟ ವಿದ್ಯೆ, ಬೀಗದೊಳಗೇ ಹಾಳಾಗುತ್ತದೆ.

ನಿಮ್ಮ ಮನೆಯಲ್ಲಿ, ನಿಮ್ಮೂರಿನ ಶಾಲೆಯಲ್ಲಿ... “ಮಕ್ಕಳು ಕೆಡಿಸುತ್ತಾರೆ” ಎಂದು ಅವರ ಕೈಗೆ ಕೊಡದೆ ಇಟ್ಟಿರುವುದು ಏನೇನಿದೆ?