ಟ್ರಾಫಿಕ್ ಲೈಟ್ ಇರುವ ಚಿತ್ರ ಒತ್ತಿ

"ಲೇಬಲ್‌ಗೆ ಬಣ್ಣ ಹಾಕಾಕ ಬರೂದಿಲ್ಲ ಅಂದ್ರ ಆ ಟೂಲ್ ನನಗ ಬ್ಯಾಡ!" ಗುರುಪಾದ ಮೇಜು ಗುದ್ದಿದ.

"ಬಣ್ಣ ತಗೊಂಡು ರಂಗೋಲಿ ಹಾಕ್ತೀಯೇನೋ? ಮೊದಲು ಅದು ನಮ್ಮ ಸರ್ವರ್‌ನಾಗ ನಡೀಬೇಕು!" ನಫೀಸಾ ಬಿಡಲಿಲ್ಲ.

ಅಯ್ಯೋ ದೇವರೇ... ಮತ್ತದೇ ಜಗಳ.

ಹುಬ್ಬಳ್ಳಿಯ ಒಂದು ಗ್ರಂಥಾಲಯದ ಮಹಡಿ. ಫೋನಿಗೆ ಬಂದ ಕನ್ನಡವನ್ನು ಕಣ್ಣು ಕಾಣದವರಿಗೆ ಓದಿ ಹೇಳುವ ಆ್ಯಪ್ ಒಂದನ್ನು ಸಂಬಳವಿಲ್ಲದೆ, ಪ್ರೀತಿಯಿಂದ ಕಟ್ಟುವ ಓಪನ್ ಸೋರ್ಸ್ ಬಳಗ ಅಲ್ಲಿ ಸೇರಿತ್ತು.

ಆ್ಯಪ್‌ನಲ್ಲಿ ತಪ್ಪು, ಅಂದರೆ ಬಗ್, ಕಂಡರೆ ಬಳಸುವವರು ಬರೆದು ತಿಳಿಸಲು ಒಂದು ಜಾಗ ಬೇಕಲ್ಲ... ಬಗ್ ಟ್ರ್ಯಾಕಿಂಗ್ ಟೂಲ್. ಒಂದೊಂದು ಬಗ್‌ಗೂ ಅದರಲ್ಲಿ ಗುರುತಿನ ಲೇಬಲ್ ಅಂಟಿಸುತ್ತಾರೆ. ಯಾವ ಟೂಲ್ ಆರಿಸಬೇಕು?

ಯುಗಾದಿಗೆ ಶುರುವಾದ ಚರ್ಚೆ ದಸರೆ ದಾಟಿತ್ತು! ನಡುವೆ ಟೂಲ್ ಬದಲಾಗಿದ್ದೂ ಆಯಿತು. ಬಗ್‌ಗಳು ಮಾತ್ರ ಇದ್ದಲ್ಲೇ ಇದ್ದವು.

ಆಗ ಮೆಟ್ಟಿಲ ಮೇಲೆ ಕೋಲು ತಟ್ಟುವ ಸದ್ದು...

ಗದಗಿನ ಸಂಗೀತ ಶಿಕ್ಷಕಿ ನೀಲಾಂಬಿಕಾ ಟೀಚರ್, ಅವರ ಹೆಗಲು ಹಿಡಿದು ಅವರ ಯಜಮಾನರು ಬಸಲಿಂಗಪ್ಪ. ಇಬ್ಬರಿಗೂ ಕಣ್ಣು ಕಾಣದು.

"ಬಗ್ ಹೇಳೂದು ಇಲ್ಲೇ ಏನ್ರೀ?" ಟೀಚರ್ ಕೇಳಿದರು.

"ಇಲ್ಲಿ ಅಲ್ರಿ ಅಮ್ಮಾರ, ಆನ್‌ಲೈನ್‌ನಾಗ ಬರೀಬೇಕ್ರಿ..." ಗುರುಪಾದ ಎಂದ.

ಟೀಚರ್‌ಗೆ ರೇಗಿತು. "ಬರದೀನೋ ತಮ್ಮಾ! ಹೊಸ ಟೂಲ್‌ಗೆ ಹೊಂಟೀವಿ, ಅಲ್ಲಿ ಬರೀರಿ ಅಂತ ಉತ್ತರ ಬಂತು. ಅಲ್ಲಿ ಹೋದೆ. ನೀವು ರೋಬೋಟ್ ಅಲ್ಲ ಅಂತ ತೋರಸ್ರಿ, ಟ್ರಾಫಿಕ್ ಲೈಟ್ ಇರೋ ಚಿತ್ರ ಒತ್ರಿ ಅಂತು!"

ಟೀಚರ್ ಫೋನ್ ಎತ್ತಿ ಹಿಡಿದರು.

"ಟ್ರಾಫಿಕ್ ಲೈಟ್ ಕಾಣಸ್ತಿದ್ರ ನಿಮ್ಮ ಆ್ಯಪ್ ನನಗ್ಯಾಕ ಬೇಕಿತ್ತು?"



"ಏನ್ ಬಗ್ರೀ ಟೀಚರ್?" ನಫೀಸಾ ಮೆಲ್ಲಗೆ ಕೇಳಿದಳು.

"ಇವರ ಶುಗರ್‌ಗೆ ಡಾಕ್ಟರ್ ಹೊಸ ಗುಳಿಗಿ ಮೆಸೇಜ್‌ನಾಗ ಬರದು ಕಳಿಸಿದ್ರು. 'ರಾತ್ರಿ ½ ಗುಳಿಗೆ' ಅಂತ. ನಿಮ್ಮ ಆ್ಯಪ್ ಆ ½ ನುಂಗಿಬಿಡ್ತು. 'ರಾತ್ರಿ ಗುಳಿಗೆ' ಅಂತ ಓದ್ತು. ಇಡೀದು ಕೊಟ್ಟೆ..."

ಟೀಚರ್ ಯಜಮಾನರ ಕೈ ಹಿಡಿದರು. "ಬೆಳಿಗ್ಗೆ ಎಬ್ಬಿಸಿದ್ರ ಏಳಲೇ ಇಲ್ಲ. ಆಸ್ಪತ್ರ್ಯಾಗ ನರ್ಸ್ ಮೆಸೇಜ್ ಓದಿದಾಗ ಗೊತ್ತಾತು. ನನ್ನ ಕೈಯಾರೆ..."

"ನಾ ಇನ್ನೂ ಇದ್ದೀನ್ರೆಪಾ, ಹೆದರಬ್ಯಾಡ್ರಿ," ಬಸಲಿಂಗಪ್ಪ ನಕ್ಕರು. "ನನ್ನಂಗ ಇನ್ನೊಬ್ಬ ಮಲಗಬಾರದಲ್ಲ, ಅದಕ್ಕ ಬಸ್ ಹತ್ತಿ ಬಂದಾಳ."

ಗುರುಪಾದನ ಕಣ್ಣು ತುಂಬಿತು. ಬಣ್ಣ... ಕಣ್ಣು ಕಾಣದವರ ಆ್ಯಪ್‌ಗೆ ಬಣ್ಣಕ್ಕಾಗಿ ಇಷ್ಟು ದಿನ!

ನಫೀಸಾ ಟೀಚರ್‌ಗೆ ಕುರ್ಚಿ ಎಳೆದು ಕೊಟ್ಟಳು. "ಟೀಚರ್, ನಾವು ಆರಿಸಿಟ್ಟ ಟೂಲ್ ಎಲ್ಲಾ ನಿಮ್ಮ ಫೋನ್‌ನಾಗ ಒಂದೊಂದಾಗಿ ತೆರೀತೀನ್ರಿ. ನೀವ ಬರದು ನೋಡ್ರಿ. ಯಾವುದರಾಗ ನಿಮಗ ಯಾರ ಸಹಾಯಾನೂ ಬೇಕಾಗೂದಿಲ್ಲೋ, ಅದ ನಮ್ಮ ಟೂಲ್."

ಒಂದು ಟೂಲ್ ಮತ್ತೆ ಚಿತ್ರ ತೋರಿಸಿತು. ಇನ್ನೊಂದರಲ್ಲಿ 'ಕಳಿಸಿ' ಬಟನ್ ಎಲ್ಲಿದೆ ಎಂದೇ ಆ್ಯಪ್‌ಗೆ ತಿಳಿಯಲಿಲ್ಲ.

ಕೊನೆಗೆ ಒಂದರಲ್ಲಿ ಟೀಚರ್ ತಾವೇ ಬರೆದು ಕಳಿಸಿದರು. ಅದಕ್ಕೆ ಬಣ್ಣವೂ ಇರಲಿಲ್ಲ, ಅದು ಇವರ ಸರ್ವರ್‌ನಲ್ಲೂ ನಡೆಯುತ್ತಿರಲಿಲ್ಲ.

ಆದರೂ ಎಲ್ಲರೂ ಅದನ್ನೇ ಆರಿಸಿದರು.

"ಆತಲ್ಲ? ಇನ್ನ ನನ್ನ ಗುಳಿಗಿ ಸರಿ ಮಾಡ್ರಿ," ಎಂದರು ಬಸಲಿಂಗಪ್ಪ.

"ಈಗ ಮಾಡ್ತೀನ್ರಿ ಅಪ್ಪಾರ," ಎಂದು ಗುರುಪಾದ ಲ್ಯಾಪ್‌ಟಾಪ್ ತೆರೆದ. ಚಹಾ ಬಂದು ಆರಿತು...

ಸಂಜೆ ಸರಿಮಾಡಿದ ಆ್ಯಪ್‌ನಲ್ಲಿ ಟೀಚರ್ ಡಾಕ್ಟರರ ಹಳೆಯ ಮೆಸೇಜ್ ಒತ್ತಿದರು. ಫೋನ್ ಓದಿತು: "ರಾತ್ರಿ ಅರ್ಧ ಗುಳಿಗೆ."

ಕಣ್ಣೊರೆಸಿಕೊಂಡು ಫೋನನ್ನು ಯಜಮಾನರ ಕಿವಿಗೆ ಹಿಡಿದು, ಇನ್ನೊಮ್ಮೆ ಒತ್ತಿದರು.

ಬಾಗಿಲಿಗೆ ಯಾವ ಬಣ್ಣ ಎಂದು ಒಳಗೆ ಜಗಳವಾಡುವವರಿಗೆ, ಹೊರಗೆ ನಿಂತು ತಟ್ಟುವವರ ಸದ್ದು ಕೇಳಿಸುವುದಿಲ್ಲ.

ನೀವೀಗ ಯಾವ ಚರ್ಚೆಯಲ್ಲಿ ಮುಳುಗಿದ್ದೀರಿ... ನಿಮ್ಮ ಬಾಗಿಲ ಹೊರಗೆ ಯಾರು ಕಾಯುತ್ತಿದ್ದಾರೆ?