ಕರಿಕಲ್ಲಿನ ಕೊಡಲಿ

ಮೊಬೈಲಿನ ಸಾಕ್ಷ್ಯಚಿತ್ರದಲ್ಲಿ ಸಂಶೋಧಕರೊಬ್ಬರು ಕಲ್ಲಿನಿಂದ ಕಲ್ಲನ್ನು ಕುಟ್ಟಿ ಕೊಡಲಿ ಮಾಡಿ ತೋರಿಸುತ್ತಿದ್ದರೆ, ಮರಿಬಸಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಐವತ್ತು ವರ್ಷ ಕುರುಗೋಡಿನ ಸುತ್ತಮುತ್ತಲ ಮನೆಗಳಿಗೆಲ್ಲ ಒರಳು, ಬೀಸುಕಲ್ಲು ಕಡೆದುಕೊಟ್ಟವನು. ನಗುವ ಹಕ್ಕು ಅವನಿಗಿತ್ತು ಅನ್ನಿ.

“ಇಂವ ಒಂದಿನಾನೂ ಕಲ್ಲು ಹೊಡದವನಲ್ಲ ಬಿಡು. ಇಂಥಾ ಕೊಡ್ಲಿ ನಾನು ಎರಡು ದಿನದಾಗ ಮಾಡಿಕೊಡ್ತೀನಿ.”

ಮೊಮ್ಮಗಳು ಗಂಗೋತ್ರಿ ಒಂಬತ್ತನೆಯ ತರಗತಿ. ಹತ್ತಿರದ ಸಂಗನಕಲ್ಲಿನ ಗುಡ್ಡದಲ್ಲಿದ್ದ ಶಿಲಾಯುಗದ ಜನರ ಬಗ್ಗೆ ಒಂದು ಪುಸ್ತಕ ಓದಿ, ಈ ಚಿತ್ರ ನೋಡಿ, ಮುಂದಿನ ಸೋಮವಾರ ತರಗತಿಯ ಮುಂದೆ ಮಾತಾಡಬೇಕಿತ್ತು. ತಾತನ ಮಾತನ್ನು ಮರುದಿನವೇ ಸುಮೇಧಾ ಟೀಚರ್ ಕಿವಿಗೆ ಹಾಕಿದಳು. ಟೀಚರ್ ಖುಷಿಯಿಂದ ಇಡೀ ತರಗತಿಗೆ ಹೇಳಿಬಿಟ್ಟರು. ಇನ್ನು ಹಿಂದೆ ಸರಿಯುವಂತಿರಲಿಲ್ಲ.

ಆ ಕಾಲದವರಿಗೆ ಕಬ್ಬಿಣ ಗೊತ್ತಿರಲಿಲ್ಲ, ಆದ್ದರಿಂದ ತಾತನೂ ಕಬ್ಬಿಣ ಮುಟ್ಟಬಾರದು ಎಂಬುದೊಂದೇ ಕರಾರು. ಮರಿಬಸಪ್ಪ ಉಳಿ, ಸುತ್ತಿಗೆಗಳನ್ನು ಗತ್ತಿನಿಂದಲೇ ಮಂಚದ ಕೆಳಗೆ ತಳ್ಳಿದ. ಮೊದಲ ಕರಿಕಲ್ಲು ಎರಡು ಹೋಳಾಯಿತು. ಎರಡನೆಯದರ ಅಂಚು ಸಂಜೆಯೊಳಗೆ ಸಿಬಿರೆದ್ದು ಹೋಯಿತು. ಅವನು ಕಲ್ಲನ್ನು ಬೈದ, ಬಿಸಿಲನ್ನು ಬೈದ, ಎದುರಿಗೆ ನಿಂತು ನೋಡುತ್ತಿದ್ದ ಮೊಮ್ಮಗಳನ್ನೂ ಬಿಡಲಿಲ್ಲ. ನಾಲ್ಕನೆಯ ದಿನಕ್ಕೆ ಬೆರಳು ಊದಿಕೊಂಡಿದ್ದವು, ನಗು ನಿಂತಿತ್ತು. ಮೂರನೆಯ ಕಲ್ಲು ಹೇಗೋ ಪೆಟ್ಟು ತಡೆದುಕೊಂಡಿತು. ಅದನ್ನು ಹಿತ್ತಲ ಬಂಡೆಯ ಮೇಲೆ ಮರಳು, ನೀರು ಹಾಕಿ ಮಸೆಯಲು ಕೂತ. ಶನಿವಾರ ಮಧ್ಯಾಹ್ನಕ್ಕೆ ಒಂದು ಮಗ್ಗುಲು ಮಾತ್ರ ನುಣುಪಾಗಿತ್ತು.

ಗಂಗೋತ್ರಿಗೆ ಅಳು ಬರುವುದೊಂದು ಬಾಕಿ. ಕೊಟ್ಟ ಮಾತು ಹೋದರೆ ತರಗತಿಯಲ್ಲಿ ತಲೆ ಎತ್ತುವುದು ಹೇಗೆ? ಗ್ರಾನೈಟ್ ಕೊಯ್ಯುವ ಸಂಗಮೇಶನ ಅಂಗಡಿ ನೆನಪಾಯಿತು.

“ಸಂಗಮೇಶಣ್ಣನ ಮಿಷನ್ನಿಗೆ ಹಿಡದ್ರ ಐದು ನಿಮಿಷದ ಕೆಲಸ. ಯಾರಿಗೆ ಗೊತ್ತಾಗ್ತೈತಿ ತಾತ?”

ಮರಿಬಸಪ್ಪ ಕಲ್ಲನ್ನು ಟವೆಲಿನಲ್ಲಿ ಸುತ್ತಿಕೊಂಡು ಅಂಗಡಿಗೆ ಹೋದ. ಅರ್ಧ ಗಂಟೆಗೆ ವಾಪಸು ಬಂದು ಟವೆಲು ಬಿಚ್ಚಿದ. ಕಲ್ಲು ಇದ್ದ ಹಾಗೇ ಇತ್ತು. ಸಂಗಮೇಶ ಮಿಷನ್ ಚಾಲೂ ಮಾಡಿ ಕೈ ಚಾಚಿದ್ದನಂತೆ. ಇವನಿಗೇ ಕೊಡಲು ಮನಸ್ಸಾಗಲಿಲ್ಲವಂತೆ.

ಆಮೇಲೆ, ಪುಸ್ತಕದಲ್ಲಿ ಕೊಡಲಿಯ ಬಗ್ಗೆ ಏನಿದೆ ಓದು ಎಂದ. ಇದ್ದದ್ದು ಒಂದೇ ಸಾಲು: ಕಲ್ಲನ್ನು ಕುಟ್ಟಿ, ಮಸೆದು, ನುಣುಪು ಮಾಡುತ್ತಿದ್ದರು. ಅದನ್ನೇ ಇನ್ನೊಮ್ಮೆ ಓದಿಸಿದ.

“ಉಳಿ ಇತ್ತಂತ ನಾನು ದೊಡ್ಡ ಕಸಬುದಾರ ಆಗಿದ್ದೆ ನೋಡವ್ವ. ಅವ್ರ ಮುಂದ ನಾನಿನ್ನೂ ಕಲಿಯಾಂವ. ಆ ಮೊಬೈಲಿನ ಸಾಹೇಬ್ರಿಗೆ ನಕ್ಕಿದ್ದೂ ತಪ್ಪಾತು. ಮರಿಬಸಪ್ಪ ಸೋತ ಅಂತ ಸಾಲ್ಯಾಗ ಎಲ್ಲಾರ ಮುಂದ ಹೇಳು.”

ಗಂಗೋತ್ರಿಗೆ ತನ್ನ ಮಾತಿನ ಬಗ್ಗೆ ನಾಚಿಕೆಯಾಯಿತು.

ಸೋಮವಾರ ಅವಳು ಹಾಗೆಯೇ ಹೇಳಿದಳು. ಪುಸ್ತಕದ ಆ ಒಂದು ಸಾಲು ಓದಿದಳು, ಚಿತ್ರದ ಆ ತುಣುಕು ತೋರಿಸಿದಳು, ತಾತ ಎಷ್ಟು ಕಲ್ಲು ಕೆಡಿಸಿದ ಎಂಬುದನ್ನೂ ಮುಚ್ಚಿಡಲಿಲ್ಲ. ಅರೆಬರೆ ಕೊಡಲಿ ಬೆಂಚಿನಿಂದ ಬೆಂಚಿಗೆ ಹೋಯಿತು. ಒರಟು ಮಗ್ಗುಲು ಸವರಿ ನಕ್ಕವರು ನುಣುಪು ಮಗ್ಗುಲಿಗೆ ಬೆರಳು ಬಂದಾಗ ಮತ್ತೆ ಮತ್ತೆ ಸವರಿದರು. ಗಂಟೆ ಹೊಡೆದರೂ ಕೊನೆಯ ಬೆಂಚಿನವರು ಕೂತೇ ಇದ್ದರು. ತಾತ ಗೆದ್ದಿದ್ದರೂ ಅವಳಿಗೆ ಅಷ್ಟು ಹೆಮ್ಮೆಯಾಗುತ್ತಿರಲಿಲ್ಲ.

ಸಂಜೆ ಬ್ಯಾಗು ಇಳಿಸುವ ಮೊದಲೇ ಎಲ್ಲದರ ವರದಿ ಒಪ್ಪಿಸಿದಳು. ಮರಿಬಸಪ್ಪ ಪೂರ್ತಿ ಕೇಳಿಸಿಕೊಂಡು, ಕೊಡಲಿಗೆ ಕೈ ಚಾಚಿದ. ಇಸಿದುಕೊಂಡು ಬಂಡೆಯ ಮುಂದೆ ಕೂತು, ಒರಟು ಮಗ್ಗುಲಿಗೆ ನೀರು ಚಿಮುಕಿಸಿದ.

“ಮುಗೀತಲ್ಲ ತಾತ, ಇನ್ಯಾಕ?”

“ನಿಂದು ಮುಗೀತವ್ವ” ಎಂದ, ತಲೆ ಎತ್ತದೆ. “ನಂದಿನ್ನೂ ಅರ್ಧ ಐತಿ.”